ಎಲ್ಲ ಕಂಟ್ರೋಲ್ ಸರಿ, ರಿಪೋರ್ಟ್ ಮಾತ್ರ ತಪ್ಪು: ಆರ್‌ಟಿ-ಪಿಸಿಆರ್‌ನಲ್ಲಿ ದೋಷ ಹುಡುಕಿದ ಬಗೆ

ಆಗಸ್ಟ್ ತಿಂಗಳ ಒಂದು ಮಂಗಳವಾರ. ಪುಣೆಯಲ್ಲಿ ಎರಡು ವಾರದಿಂದ ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ನಮ್ಮ ಲ್ಯಾಬಿಗೆ ಜ್ವರದ ಸ್ಯಾಂಪಲ್‌ಗಳು ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಿದ್ದವು. ಅವತ್ತು ಸಂಜೆ 24 ಸ್ಯಾಂಪಲ್ ಮೆಷಿನ್‌ಗೆ ಹಾಕಿದ್ದೆವು. ಡೆಂಗಿ, ಚಿಕುನ್‌ಗುನ್ಯಾ, ಝೀಕಾ ಮೂರನ್ನೂ ಒಂದೇ ಟ್ಯೂಬಿನಲ್ಲಿ ಹುಡುಕುವ ಆರ್‌ಟಿ-ಪಿಸಿಆರ್ ಕಿಟ್ ಅದು. ಅಂದರೆ ವೈರಸ್‌ನ ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಿ, ಮತ್ತೆ ಮತ್ತೆ ನಕಲು ಮಾಡಿ ಹುಡುಕುವ ಟೆಸ್ಟ್; ನಕಲು ಹೆಚ್ಚಿದಂತೆ ಮೆಷಿನ್‌ನ ಪರದೆಯಲ್ಲಿ ಬೆಳಕಿನ ಗೆರೆ ಏಳುತ್ತದೆ. ಏಳೂವರೆಗೆ ನಮ್ಮ ಹೊಸ ಹುಡುಗ ಬಂದ. ಇಂಡಿ ಕಡೆಯವನು, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು.

"ಅಕ್ಕಾರ, ರನ್ ವ್ಯಾಲಿಡ್ ಐತ್ರಿ. ಒಂದ ಒಂದು ವೀಕ್ ಪಾಸಿಟಿವ್, ಉಳಿದಾವೆಲ್ಲಾ ನೆಗೆಟಿವ್. ರಿಪೋರ್ಟ್ ಬಿಡ್ಲೇನ್ರಿ?"

ತಡಿ ಅಂದೆ. ಆ ರಾತ್ರಿ ನಾವಿಬ್ಬರೂ ಹುಡುಕಿದ್ದನ್ನು ಹುಡುಕಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಪುಣೆ, ಮುಂಬೈ ಲ್ಯಾಬ್‌ಗಳಿಗೆ ಬಂದು ಸೇರುವ ಮಕ್ಕಳು ಎಷ್ಟೋ ಜನ. ಕಿಟ್‌ನ ಕಾಗದ ಇಂಗ್ಲಿಷ್‌ನಲ್ಲಿರುತ್ತದೆ, ಮೇಲಿನವರು ಮರಾಠಿಯಲ್ಲಿ ಹೇಳಿಕೊಡುತ್ತಾರೆ. ಏನು ಮಾಡಬೇಕು ಅನ್ನೋದು ತಿಳಿಯುತ್ತದೆ, ಯಾಕೆ ಮಾಡಬೇಕು ಅನ್ನೋದು ಉಳಿದುಹೋಗುತ್ತದೆ. ದೋಷ ಹುಡುಕುವಾಗ ಬೇಕಾಗುವುದು ಆ "ಯಾಕೆ".

ಲಕ್ಷಣ

ಕಂಟ್ರೋಲ್ ಅಂದರೆ ಟೆಸ್ಟ್ ಸರಿಯಾಗಿ ನಡೆದಿದೆಯೇ ಅಂತ ತಿಳಿಯಲು ಇಡುವ, ಉತ್ತರ ಮೊದಲೇ ಗೊತ್ತಿರುವ ಪರೀಕ್ಷೆ. ಪಾಸಿಟಿವ್ ಕಂಟ್ರೋಲ್ ಚೆನ್ನಾಗಿ ಬಂದಿತ್ತು. ನೀರು ಹಾಕಿದ ಟ್ಯೂಬ್ ಕ್ಲೀನ್. ಪ್ರತಿ ಸ್ಯಾಂಪಲ್‌ನಲ್ಲೂ ಒಳಗಿನ ಕಂಟ್ರೋಲ್ ಎದ್ದಿತ್ತು. ಅದು ಆರ್‌ನೇಸ್ ಪಿ ಅನ್ನುವ ಮನುಷ್ಯನ ಜೀನ್. ಅದು ಬಂದರೆ ಸ್ಯಾಂಪಲ್ ಸರಿಯಾಗಿ ಹಾಕಿದ್ದೀರಿ, ಎಕ್ಸ್‌ಟ್ರಾಕ್ಷನ್ (ರಕ್ತದಿಂದ ಆರ್‌ಎನ್‌ಎ, ಡಿಎನ್‌ಎ ಬಿಡಿಸುವುದು) ಆಗಿದೆ, ಪಿಸಿಆರ್‌ಗೆ ಯಾವುದೂ ಅಡ್ಡ ಬಂದಿಲ್ಲ ಅಂತ ಅರ್ಥ. ಸಾಫ್ಟ್‌ವೇರ್ ಹಸಿರು ಗುರುತು ಹಾಕಿತ್ತು.

ಅನುಮಾನ ಬಂದದ್ದು ಬೇರೆ ಕಡೆಯಿಂದ. ಆ 24 ಜನರಲ್ಲಿ ಏಳು ಜನರಿಗೆ ಅದೇ ದಿನ ಮಧ್ಯಾಹ್ನ ಪಕ್ಕದ ಟೇಬಲ್‌ನಲ್ಲಿ ಎನ್‌ಎಸ್1 ಪಾಸಿಟಿವ್ ಬಂದಿತ್ತು. ಎನ್‌ಎಸ್1 ಅಂದರೆ ಡೆಂಗಿ ವೈರಸ್ ನಮ್ಮ ಜೀವಕೋಶದೊಳಗೆ ಕೂತು ತಯಾರಿಸಿ ರಕ್ತಕ್ಕೆ ಬಿಡುವ ಪ್ರೋಟೀನ್. ಕಾರ್ಖಾನೆಯ ಹೊಗೆ ಕಾಣುತ್ತಿದೆ, ಕಾರ್ಖಾನೆಯೇ ಇಲ್ಲ ಅಂದರೆ ಹೇಗೆ? ಒಬ್ಬರಲ್ಲಿ ಹೀಗಾದರೆ ಒಪ್ಪಬಹುದು. ಏಳರಲ್ಲಿ ಆರು ಜನರಲ್ಲಿ ಹೀಗಾದರೆ ಒಪ್ಪುವ ಮಾತಲ್ಲ.

ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಹಸಿರು ಗುರುತು ನೋಡುವ ಮೊದಲು ಕಿಟಕಿ ಆಚೆ ನೋಡಿ. ಯಾವ ತಿಂಗಳು, ಊರಲ್ಲಿ ಏನು ನಡೆದಿದೆ, ಪಕ್ಕದ ಟೇಬಲ್ ಏನು ಹೇಳುತ್ತಿದೆ. ಮೆಷಿನ್‌ಗೆ ಇದು ಯಾವುದೂ ಗೊತ್ತಿಲ್ಲ.

ವೈರಸ್ ಹೋಗುವ ದಾರಿ, ಟೆಸ್ಟ್ ಹೋಗುವ ದಾರಿ

ಬೆಳಕಿನ ಗೆರೆಗಳನ್ನು ಬಿಟ್ಟು ಸ್ವಲ್ಪ ಹಿಂದಕ್ಕೆ ಹೋಗೋಣ. ಇದು ತಿಳಿಯದೆ ಮುಂದಿನದು ಹತ್ತುವುದಿಲ್ಲ.

ಡೆಂಗಿ ವೈರಸ್‌ನ ಜೀನ್‌ಗಳ ಪೂರ್ತಿ ಬರಹ ಸುಮಾರು 10,700 ಅಕ್ಷರ. ಒಂಟಿ ಎಳೆ, ಆರ್‌ಎನ್‌ಎ. ಹಗಲು ಕಚ್ಚುವ ಈಡಿಸ್ ಸೊಳ್ಳೆ ಅದನ್ನು ಚರ್ಮದೊಳಗೆ ಇಳಿಸುತ್ತದೆ. ಅಲ್ಲಿ ಕಾವಲಿಗಿರುವ ಜೀವಕೋಶಗಳೇ ಮೊದಲು ಸಿಕ್ಕಿಬೀಳುತ್ತವೆ. ಒಳಗೆ ಹೋದ ಎಳೆಯನ್ನು ನಮ್ಮ ರೈಬೋಸೋಮ್ ತನ್ನದೇ ಮನೆಯ ಚೀಟಿ ಅಂದುಕೊಂಡು ಓದಿಬಿಡುತ್ತದೆ. ಒಂದು ಉದ್ದನೆಯ ಪ್ರೋಟೀನ್ ತಯಾರಾಗುತ್ತದೆ, ಅದು ಹತ್ತು ತುಂಡಾಗುತ್ತದೆ. ಅದರಲ್ಲಿ ಮೂರು ವೈರಸ್‌ನ ಮೈಗೆ, ಏಳು ಅದರ ಕೆಲಸಕ್ಕೆ. ಆ ಏಳರಲ್ಲಿ ಒಂದು, ಎನ್‌ಎಸ್5, ನಕಲು ಮಾಡುವ ಕಿಣ್ವ. ಆರ್‌ಎನ್‌ಎ ನೋಡಿ ಆರ್‌ಎನ್‌ಎ ಬರೆಯುತ್ತದೆ. ಆ ವೈರಸ್‌ನ ಉದ್ದನೆಯ ಎಳೆಯನ್ನು ಹಾಗೆ ನಕಲು ಮಾಡಿಕೊಡುವ ಕಿಣ್ವ ನಮ್ಮ ಜೀವಕೋಶದಲ್ಲಿಲ್ಲ, ಅದಕ್ಕೇ ವೈರಸ್ ತನ್ನದನ್ನು ತಾನೇ ಮಾಡಿಕೊಳ್ಳಬೇಕು. ಮೊದಲು ಉಲ್ಟಾ ಎಳೆ, ಆಮೇಲೆ ಆ ಉಲ್ಟಾ ಎಳೆ ನೋಡಿ ರಾಶಿ ರಾಶಿ ನೇರ ಎಳೆ. ರಬ್ಬರ್ ಮುದ್ರೆಯ ಮೇಲೆ ಅಕ್ಷರ ತಿರುಗಿರುತ್ತದಲ್ವಾ, ಒತ್ತಿದರೆ ಕಾಗದದ ಮೇಲೆ ನೆಟ್ಟಗೆ ಬೀಳುತ್ತದೆ. ಹಾಗೆ.

ಫ್ಲೂ, ದಡಾರ, ರೇಬೀಸ್, ನಿಫಾ ವೈರಸ್‌ಗಳ ಕತೆ ಸ್ವಲ್ಪ ಬೇರೆ. ಅವು ಮುದ್ರೆಯನ್ನೇ ಹೊತ್ತು ಬರುತ್ತವೆ, ಉಲ್ಟಾ ಎಳೆ. ಅದನ್ನು ರೈಬೋಸೋಮ್ ಓದಲಾರದು. ಹಾಗಾಗಿ ನಕಲು ಮಾಡುವ ಕಿಣ್ವವನ್ನೂ ಮೈಯೊಳಗೆ ಕಟ್ಟಿಕೊಂಡೇ ಬರಬೇಕು.

ಈಗ ನಮ್ಮ ಟೆಸ್ಟ್. ಪಿಸಿಆರ್‌ನಲ್ಲಿ ನಕಲು ಮಾಡುವ ಟ್ಯಾಕ್ ಕಿಣ್ವ ಓದುವುದು ಡಿಎನ್‌ಎ. ಆರ್‌ಎನ್‌ಎ ಕೊಟ್ಟರೆ ಅದು ಹೆಚ್ಚುಕಡಿಮೆ ಕೈಕಟ್ಟಿ ಕೂರುತ್ತದೆ. ಅದಕ್ಕೇ ಮೊದಲು ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಬೇಕು. ಆ ಕೆಲಸ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದ್ದು. 1970ರಲ್ಲಿ ಹೊವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು, 1975ರಲ್ಲಿ ನೊಬೆಲ್ ಬಂತು. ಸಿಕ್ಕಿದ್ದೂ ಆರ್‌ಎನ್‌ಎ ವೈರಸ್‌ಗಳೊಳಗೇ. ಇವತ್ತಿಗೂ ಎಷ್ಟೋ ಕಿಟ್‌ಗಳಲ್ಲಿರುವ ಕಿಣ್ವದ ಮೂಲ ಇಲಿಗೆ ಲ್ಯುಕೇಮಿಯಾ ತರುವ ಒಂದು ವೈರಸ್. ಒಂದು ವೈರಸ್‌ನಿಂದ ಕಲಿತ ಕೈಚಳಕದಿಂದಲೇ ಇನ್ನೊಂದನ್ನು ಹಿಡಿಯುತ್ತೇವೆ ಅನ್ನೋದು ನನಗೆ ಇವತ್ತಿಗೂ ಬೆರಗಿನ ವಿಷಯ.

ಹಾಗಾಗಿ ದಾರಿ ಇಷ್ಟು: ರಕ್ತ, ಅದರಿಂದ ಆರ್‌ಎನ್‌ಎ ಬಿಡಿಸುವುದು, 50 ಡಿಗ್ರಿಯಲ್ಲಿ 15 ನಿಮಿಷ ಆರ್‌ಎನ್‌ಎಯಿಂದ ಡಿಎನ್‌ಎ, ಆಮೇಲೆ 95 ಮತ್ತು 60 ಡಿಗ್ರಿ ನಡುವೆ 40 ಸುತ್ತು. ದೋಷ ಇದ್ದರೆ ಈ ದಾರಿಯಲ್ಲೇ ಎಲ್ಲೋ ಇರಬೇಕು.

ಮೊದಲು ನೋಡಿದ ಜಾಗ, ಅಲ್ಲಿ ಇರಲಿಲ್ಲ

ನಮ್ಮ ಕೈ ಮೊದಲು ಹೋದದ್ದು ಎಕ್ಸ್‌ಟ್ರಾಕ್ಷನ್ ಕಡೆಗೆ. ಅದಕ್ಕೆ ಕಾರಣವೂ ಇತ್ತು. ಆರ್‌ಎನ್‌ಎ ಬಹಳ ನಾಜೂಕು. ಅದರ ಸಕ್ಕರೆಯಲ್ಲಿ ಡಿಎನ್‌ಎಗಿಂತ ಒಂದು ಆಕ್ಸಿಜನ್ ಜಾಸ್ತಿ ಇದೆ, ತನ್ನ ಎಳೆಯನ್ನು ತಾನೇ ಕತ್ತರಿಸಿಕೊಳ್ಳಲು ಅಷ್ಟೇ ಸಾಕು. ಮೇಲಿಂದ ನಮ್ಮ ಬೆವರು, ಚರ್ಮ, ಉಗುಳು ಎಲ್ಲದರಲ್ಲೂ ಆರ್‌ಎನ್‌ಎ ಕತ್ತರಿಸುವ ಆರ್‌ನೇಸ್ ಕಿಣ್ವಗಳಿವೆ. ಕೆಲವು ಕುದಿಸಿದರೂ ಸಾಯುವುದಿಲ್ಲ. ಗ್ಲೌಸ್ ಹಾಕಿಕೊಂಡು ಮೊಬೈಲ್ ಮುಟ್ಟಿ, ಅದೇ ಕೈಯಲ್ಲಿ ಟ್ಯೂಬಿನ ಮುಚ್ಚಳ ತೆಗೆದರೆ ಗ್ಲೌಸ್ ಹಾಕದಿದ್ದರೂ ಒಂದೇ.

ಇನ್ನೊಂದು ಅನುಮಾನ ವಾಶ್ ಬಫರ್ ಮೇಲೆ. ಹೊಸ ಬಾಟಲಿ ತೆರೆದಾಗ ಅದಕ್ಕೆ ಎಥನಾಲ್ ನಾವೇ ಸೇರಿಸಬೇಕು, ಸೇರಿಸಿದ ಮೇಲೆ ಮುಚ್ಚಳದ ಮೇಲೆ ಗುರುತು ಹಾಕಬೇಕು. ಎಥನಾಲ್ ಇಲ್ಲದಿದ್ದರೆ ಸಿಲಿಕಾ ಪೊರೆಗೆ ಅಂಟಿದ ಆರ್‌ಎನ್‌ಎ ತೊಳೆದುಕೊಂಡು ಹೋಗುತ್ತದೆ. ಕೊನೆಯಲ್ಲಿ ಪೊರೆ ಒಣಗಿಸದೆ ಎಥನಾಲ್ ಉಳಿದರೆ ಪಿಸಿಆರ್ ನಿಂತುಹೋಗುತ್ತದೆ. ಮುಚ್ಚಳದ ಮೇಲೆ ಗುರುತು ಇತ್ತು, ತಾರೀಕೂ ಇತ್ತು. ಆದರೂ ನಾಲ್ಕು ಸ್ಯಾಂಪಲ್ ಮತ್ತೆ ಎಕ್ಸ್‌ಟ್ರಾಕ್ಟ್ ಮಾಡಲು ಇಟ್ಟೆವು. ಒಂದು ಗಂಟೆ ಹೋಯಿತು. ಅದು ನಾನು ಮಾಡಿದ ತಪ್ಪು. ಖರ್ಚಿಲ್ಲದೆ ಕಣ್ಣಿನಿಂದ ನೋಡಬಹುದಾದದ್ದನ್ನು ನೋಡದೆ ರಿಯೇಜೆಂಟ್‌ಗೆ ಕೈ ಹಾಕಬಾರದಿತ್ತು.

ಒಂದು ಗೆರೆ, ಒಂದು ಗಡಿಯಾರ

ಸೆಂಟ್ರಿಫ್ಯೂಜ್ ತಿರುಗುತ್ತಿರುವಾಗ ನಾನು ಆ ವೀಕ್ ಪಾಸಿಟಿವ್ ಗೆರೆಯನ್ನು ತೆರೆದು ನೋಡಿದೆ. 11ನೇ ಸ್ಯಾಂಪಲ್. ಸಿಟಿ ಮೌಲ್ಯ 34. ಸಿಟಿ ಅಂದರೆ ಎಷ್ಟನೇ ಸುತ್ತಿನಲ್ಲಿ ಬೆಳಕು ಗಡಿ ದಾಟಿತು ಅನ್ನೋ ಲೆಕ್ಕ. ಪ್ರತಿ ಸುತ್ತಿನಲ್ಲಿ ನಕಲು ದುಪ್ಪಟ್ಟಾಗುತ್ತದೆ. ಹಾಗಾಗಿ ವೈರಸ್ ಜಾಸ್ತಿ ಇದ್ದಷ್ಟೂ ಸಿಟಿ ಕಡಿಮೆ. ಮೂರು ಚಿಲ್ಲರೆ ಸುತ್ತಿನ ವ್ಯತ್ಯಾಸ ಅಂದರೆ ಹತ್ತು ಪಟ್ಟು.

ಫಾರ್ಮ್ ನೋಡಿದೆ. ಇಪ್ಪತ್ತೆರಡು ವರ್ಷದ ಹುಡುಗಿ, ಜ್ವರ ಶುರುವಾಗಿ ಎರಡನೇ ದಿನ, 103 ಡಿಗ್ರಿ, ಎನ್‌ಎಸ್1 ಜೋರು ಪಾಸಿಟಿವ್. ಡೆಂಗಿಯಲ್ಲಿ ಎರಡನೇ ದಿನ ರಕ್ತದಲ್ಲಿ ವೈರಸ್ ತುಂಬಿ ತುಳುಕುವ ಹೊತ್ತು. 34 ಬರಬೇಕಾದ್ದಲ್ಲ, 20ರ ಆಸುಪಾಸು ಬರಬೇಕು. ಅಂದರೆ ಟೆಸ್ಟ್ ಪೂರ್ತಿ ಸತ್ತಿಲ್ಲ. ಸಾವಿರಾರು ಪಟ್ಟು ಮಂಕಾಗಿದೆ. ತುಂಬಾ ವೈರಸ್ ಇದ್ದವರದ್ದು ಸ್ವಲ್ಪ ಕಂಡಿದೆ, ಉಳಿದವರದ್ದು ಮುಳುಗಿದೆ.

ಆದರೆ ಆರ್‌ನೇಸ್ ಪಿ ಮಂಕಾಗಿಲ್ಲ. ಯಾಕೆ?

ಇಲ್ಲಿ ನಾನು ಪೆನ್ ಹಿಡಿದು ಹುಡುಗನಿಗೆ ಒಂದು ಪ್ರಶ್ನೆ ಕೇಳಿದೆ. ಆರ್‌ನೇಸ್ ಪಿ ಎಲ್ಲಿಂದ ಬರುತ್ತದೆ? ಮನುಷ್ಯನ ಜೀನ್ ಅಂದ. ಜೀನ್ ಅಂದರೆ ಆರ್‌ಎನ್‌ಎನಾ ಡಿಎನ್‌ಎನಾ? ಅವನು ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, "ಡಿಎನ್‌ಎ ರೀ ಅಕ್ಕಾರ" ಅಂದ. ನಮ್ಮ ಕಿಟ್‌ನ ಪ್ರೈಮರ್‌ಗಳು, ಅಂದರೆ ಹುಡುಕುವ ಜಾಗಕ್ಕೆ ಅಂಟಿ ನಕಲು ಶುರು ಮಾಡಿಸುವ ಸಣ್ಣ ತುಂಡುಗಳು, ಆರ್‌ನೇಸ್ ಪಿಯ ಡಿಎನ್‌ಎಯನ್ನೂ ಹಿಡಿಯುತ್ತವೆ. ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಒಡೆದ ಜೀವಕೋಶಗಳ ಡಿಎನ್‌ಎ ಸ್ವಲ್ಪ ಇದ್ದೇ ಇರುತ್ತದೆ, ಎಕ್ಸ್‌ಟ್ರಾಕ್ಷನ್‌ನಲ್ಲಿ ಅದೂ ಜೊತೆಗೆ ಬರುತ್ತದೆ. ಅಂದರೆ ಒಳಗಿನ ಕಂಟ್ರೋಲ್ ಏಳಲು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಬೇಕಾಗಿಯೇ ಇಲ್ಲ.

ಪಾಸಿಟಿವ್ ಕಂಟ್ರೋಲ್? ಕಿಟ್‌ನ ಕಾಗದ ತೆಗೆದು ಸಣ್ಣ ಅಕ್ಷರ ಓದಿದೆವು. ಪ್ಲಾಸ್ಮಿಡ್, ಉಂಗುರದಂಥ ಸಣ್ಣ ಎಳೆ. ಅದೂ ಡಿಎನ್‌ಎ.

ನೋಡಿ, ಇಬ್ಬರು ಕಾವಲುಗಾರರು ಇದ್ದರು, ಇಬ್ಬರೂ ಒಂದೇ ಬಾಗಿಲು ಕಾಯುತ್ತಿದ್ದರು. ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಹೆಜ್ಜೆ ಬಿದ್ದುಹೋದರೂ ಎರಡು ಕಂಟ್ರೋಲೂ ಎದ್ದು ನಿಲ್ಲುತ್ತವೆ. ಅನುಮಾನ ಈಗ ಒಂದೇ ಹೆಜ್ಜೆಗೆ ಬಂದು ನಿಂತಿತು. ಕಿಣ್ವ ಕೆಟ್ಟಿರಬೇಕು, ಇಲ್ಲವೇ ಅದಕ್ಕೆ ಕೆಲಸ ಮಾಡಲು ಹೊತ್ತು ಸಿಕ್ಕಿಲ್ಲ.

ಹುಡುಗ ಗೋಡೆ ಗಡಿಯಾರ ನೋಡಿದ. "ಅಕ್ಕಾರ, ಇವತ್ತ ರನ್ ಲಗೂನ ಮುಗೀತ್ರಿ" ಅಂದ. ದೋಷ ಹಿಡಿದದ್ದು ಆ ಮಾತು. ಮೆಷಿನ್‌ನ ರನ್ ದಾಖಲೆ ತೆಗೆದೆವು. ಎಂದಿನ ರನ್‌ಗಿಂತ ಸುಮಾರು 15 ನಿಮಿಷ ಕಡಿಮೆ. ತಾಪಮಾನದ ಗೆರೆ ನೋಡಿದರೆ ಶುರುವಿನಲ್ಲೇ ನೇರ 95ಕ್ಕೆ ಏರಿದೆ. 50 ಡಿಗ್ರಿಯ ಮೆಟ್ಟಿಲೇ ಇಲ್ಲ.

ಬೆಳಗ್ಗೆ ಅದೇ ಮೆಷಿನ್‌ನಲ್ಲಿ ಹೆಪಟೈಟಿಸ್ ಬಿ ಹಾಕಿದ್ದೆವು. ಅದು ಡಿಎನ್‌ಎ ವೈರಸ್, ಅದರ ಪ್ರೋಗ್ರಾಮ್‌ನಲ್ಲಿ 50 ಡಿಗ್ರಿ ಹೆಜ್ಜೆ ಬೇಡ. ಸಂಜೆ ಪ್ಲೇಟ್ ಹಾಕುವಾಗ ಪಟ್ಟಿಯಲ್ಲಿ ಮೇಲೆ ಕಂಡ ಕೊನೆಯ ಪ್ರೋಗ್ರಾಮ್ ಒತ್ತಿಹೋಗಿದೆ. ಬಣ್ಣದ ಚಾನೆಲ್‌ಗಳು ಎಲ್ಲಾ ಆನ್ ಇದ್ದವು, ಸುತ್ತುಗಳೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಮೆಷಿನ್ ತಕರಾರು ಮಾಡಲಿಲ್ಲ.

11ನೇ ಸ್ಯಾಂಪಲ್ ಯಾಕೆ ಸ್ವಲ್ಪ ಕಂಡಿತು ಅನ್ನೋದಕ್ಕೂ ಉತ್ತರ ಸಿಕ್ಕಿತು. ಪ್ಲೇಟ್ ತಯಾರಾದ ಮೇಲೆ ಕೆಲವು ನಿಮಿಷ ಟೇಬಲ್ ಮೇಲೆ ಕೂತಿತ್ತು. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕೋಣೆಯ ಶಾಖದಲ್ಲೂ ತುಸು ಕೆಲಸ ಮಾಡುತ್ತದೆ. ವೈರಸ್ ರಾಶಿ ಇದ್ದ ಸ್ಯಾಂಪಲ್‌ನಲ್ಲಿ ಅಷ್ಟೇ ಸಾಕಾಯಿತು.

ಖಾತ್ರಿ ಮಾಡಿಕೊಂಡ ಬಗೆ

ಒಮ್ಮೆಗೆ ಒಂದೇ ಬದಲಾವಣೆ. ಇದನ್ನು ಬಿಡಬೇಡಿ. ಕಿಟ್‌ನ ಲಾಟ್ ಬದಲಿಸಿ, ಪ್ರೋಗ್ರಾಮ್ ಬದಲಿಸಿ, ಹೊಸ ಎಕ್ಸ್‌ಟ್ರಾಕ್ಟ್ ಹಾಕಿ, ಎಲ್ಲ ಒಟ್ಟಿಗೆ ಮಾಡಿದರೆ ಸರಿಹೋಗಬಹುದು, ಆದರೆ ಏನು ಕೆಟ್ಟಿತ್ತು ಅಂತ ತಿಳಿಯುವುದಿಲ್ಲ.

ಹಳೆಯ ಎಕ್ಸ್‌ಟ್ರಾಕ್ಟ್‌ಗಳನ್ನೇ ತೆಗೆದುಕೊಂಡೆವು, ಅದೇ ಲಾಟ್, ಅದೇ ಮೆಷಿನ್. ಪ್ರೋಗ್ರಾಮ್ ಮಾತ್ರ ಸರಿಯಾದದ್ದು. ಮೊದಲು ನಾಲ್ಕೇ ಟ್ಯೂಬ್: 11ನೇ ಸ್ಯಾಂಪಲ್, ಎನ್‌ಎಸ್1 ಪಾಸಿಟಿವ್ ಇದ್ದ ಇನ್ನೊಂದು, ಕಂಟ್ರೋಲ್, ನೀರು. 11ನೆಯದರ ಗೆರೆ 21ನೇ ಸುತ್ತಿಗೆ ಎದ್ದಿತು. 34ರಿಂದ 21ಕ್ಕೆ, ಹದಿಮೂರು ಸುತ್ತು, ಎಂಟು ಸಾವಿರ ಪಟ್ಟು. ಇನ್ನೊಂದು 25. ಆಮೇಲೆ ಉಳಿದದ್ದೆಲ್ಲ ಹಾಕಿದೆವು. ರಾತ್ರಿ ಹನ್ನೊಂದೂವರೆಗೆ 24ರಲ್ಲಿ ಹನ್ನೊಂದು ಡೆಂಗಿ ಪಾಸಿಟಿವ್, ಒಂದು ಚಿಕುನ್‌ಗುನ್ಯಾ.

ಮೊದಲೇ ಸ್ವಲ್ಪ ಕಂಡಿದ್ದ 11ನೇ ಸ್ಯಾಂಪಲ್ ಬಿಟ್ಟರೆ ಹನ್ನೊಂದು ಮನೆ. ಅಷ್ಟು ಜನರಿಗೆ "ನಿಮಗೇನಿಲ್ಲ" ಅಂತ ಹೇಳಿ ಕಳಿಸುತ್ತಿದ್ದೆವು. ಡೆಂಗಿ ಇಲ್ಲ ಅಂದುಕೊಂಡವರು ಮೈಕೈ ನೋವಿಗೆ ಆಸ್ಪಿರಿನ್ನೋ ಐಬುಪ್ರೊಫೆನ್ನೋ ನುಂಗಿದರೆ ರಕ್ತಸ್ರಾವದ ಅಪಾಯ ಜಾಸ್ತಿಯಾಗುತ್ತದೆ. ಡೆಂಗಿ ಜ್ವರಕ್ಕೆ ಪ್ಯಾರಾಸಿಟಮಾಲ್ ಅಂತ ವೈದ್ಯರು ಒತ್ತಿ ಹೇಳುವುದು ಅದಕ್ಕೇ. ಅವತ್ತು ಮನೆಗೆ ಹೋಗಿ ಮಲಗಿದರೂ ನನಗೆ ನಿದ್ದೆ ಹತ್ತಲಿಲ್ಲ.

ಈಗ ನಮ್ಮಲ್ಲಿ ಪ್ರತಿ ಆರ್‌ಎನ್‌ಎ ರನ್‌ನಲ್ಲೂ ಮೂರನೇ ಕಂಟ್ರೋಲ್ ಇದೆ. ಎಂಎಸ್2 ಅನ್ನೋ ವೈರಸ್, ಬ್ಯಾಕ್ಟೀರಿಯಾಕ್ಕೆ ಮಾತ್ರ ತಗಲುವಂಥದ್ದು, ನಮಗೇನೂ ಮಾಡದು. ಅದರ ಬರಹ 3,569 ಅಕ್ಷರದ ಆರ್‌ಎನ್‌ಎ. ಅದನ್ನು ಎಕ್ಸ್‌ಟ್ರಾಕ್ಷನ್‌ನ ಮೊದಲ ಬಫರ್‌ಗೇ ಸೇರಿಸುತ್ತೇವೆ. ವೈರಸ್ ನಡೆಯುವ ದಾರಿಯನ್ನು ಅದೂ ಮೊದಲಿನಿಂದ ಕೊನೆತನಕ ನಡೆಯಬೇಕು. ಅದು ಬರಲಿಲ್ಲ ಅಂದರೆ, ಉಳಿದದ್ದೆಲ್ಲ ಹಸಿರಿದ್ದರೂ ರಿಪೋರ್ಟ್ ಹೋಗುವುದಿಲ್ಲ. ನಿಮ್ಮ ಕಿಟ್‌ನ ಕಂಟ್ರೋಲ್ ಆರ್‌ಎನ್‌ಎನಾ ಡಿಎನ್‌ಎನಾ ಅಂತ ನಾಳೆಯೇ ಓದಿ ನೋಡಿ.

17ನೇ ಸ್ಯಾಂಪಲ್

ಎಲ್ಲ ಸರಿಯಾದ ಮೇಲೂ ಒಂದು ಹೊಂದಲಿಲ್ಲ. ಗಾರೆ ಕೆಲಸದ ಒಬ್ಬರು, ಅಫಜಲಪುರ ಕಡೆಯವರು, ಪುಣೆಯ ಹೊರಗೆ ಕಟ್ಟಡದ ಸೈಟಿನಲ್ಲೇ ಸಂಸಾರ. ಫಾರ್ಮ್‌ನಲ್ಲಿ "ಜ್ವರ 2 ದಿನ" ಅಂತಿತ್ತು. ಪ್ಲೇಟ್‌ಲೆಟ್ 48,000. ಎನ್‌ಎಸ್1 ನೆಗೆಟಿವ್, ಪಿಸಿಆರ್ ನೆಗೆಟಿವ್, ಎಂಎಸ್2 ಹಾಕಿ ಮತ್ತೆ ಮಾಡಿದರೂ ನೆಗೆಟಿವ್. ಎರಡನೇ ದಿನಕ್ಕೆ ಪ್ಲೇಟ್‌ಲೆಟ್ ಅಷ್ಟು ಕುಸಿಯುವುದು ಡೆಂಗಿಯ ರೀತಿಯಲ್ಲ.

ಬುಧವಾರ ಬೆಳಗ್ಗೆ ಫಾರ್ಮ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಹೆಂಡತಿ ಎತ್ತಿದರು. ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಆ ಕಡೆ ದನಿ ಹಗುರಾಯಿತು.

"ಅಕ್ಕಾ, ಜ್ವರ ಯಾವಾಗಿಂದ ಬಂದಾವು?"

"ಹ್ವಾದ ಬುಧವಾರ ಬಂದಾವ್ರೀ ಯವ್ವಾ. ಮೈ ಬೆಂಕಿ ಆಗಿತ್ತು. ಕೆಲಸಕ್ಕ ಹೋಗೋದು ಬಿಟ್ಟು ಎರಡು ದಿನ ಆತು. ನಿನ್ನಿಯಿಂದ ಜ್ವರ ಬಿಟ್ಟಾವು, ಖರೆ ಹೊಟ್ಟಿ ಭಾಳ ನೂಸ್ತೈತಿ ಅಂತಾರ, ಎರಡ ಸಲ ಕಾರ್ಕೊಂಡ್ರು."

ಕ್ಲಿನಿಕ್‌ನಲ್ಲಿ ಹಿಂದಿಯಲ್ಲಿ ಎಷ್ಟು ದಿನ ಅಂತ ಕೇಳಿದ್ದಾರೆ, ಅವರು ಕೆಲಸ ಬಿಟ್ಟ ಲೆಕ್ಕ ಹೇಳಿದ್ದಾರೆ. ರಕ್ತ ತೆಗೆದದ್ದು ಮಂಗಳವಾರ, ಅಂದರೆ ಏಳನೇ ದಿನ. ದೋಷ ಮೆಷಿನ್‌ನಲ್ಲಿರಲಿಲ್ಲ, ಫಾರ್ಮ್‌ನ ಆ ಒಂದು ಅಂಕಿಯಲ್ಲಿತ್ತು.

ಡೆಂಗಿ ವೈರಸ್ ರಕ್ತದಲ್ಲಿ ಸಿಗುವುದು ಜ್ವರದ ಮೊದಲ ಐದು ದಿನ ಚೆನ್ನಾಗಿ, ಆಮೇಲೆ ಬೇಗ ಇಳಿಯುತ್ತದೆ. ಎನ್‌ಎಸ್1 ಸ್ವಲ್ಪ ಹೆಚ್ಚು ದಿನ ಉಳಿಯಬಹುದು, ಎಲ್ಲರಲ್ಲೂ ಅಲ್ಲ. ನಾಲ್ಕು-ಐದನೇ ದಿನದಿಂದ ಐಜಿಎಂ, ಅಂದರೆ ಸೋಂಕಿಗೆ ಮೈ ಮೊದಲು ತಯಾರಿಸುವ ಪ್ರತಿಕಾಯ, ಏಳತೊಡಗುತ್ತದೆ. ಅವರ ಅದೇ ಸೀರಮ್‌ನಲ್ಲಿ ಐಜಿಎಂ ಮಾಡಿದೆವು, ಪಾಸಿಟಿವ್. ಐಜಿಎಂಗೂ ಒಂದು ಎಚ್ಚರಿಕೆ ಬೇಕು. ಝೀಕಾ, ಡೆಂಗಿ ಹತ್ತಿರದ ನೆಂಟರು, ಒಂದರ ಪ್ರತಿಕಾಯ ಇನ್ನೊಂದರ ಟೆಸ್ಟ್‌ನಲ್ಲೂ ಬೆಳಗಬಹುದು. ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಬೆಲ್ಸರ್‌ನಲ್ಲಿ 2021ರಲ್ಲಿ ಝೀಕಾ ಕಂಡಿತ್ತು, 2024ರಲ್ಲಿ ಪುಣೆ ನಗರದಲ್ಲೇ ಬಂತು. ಹಾಗಾಗಿ ಇಲ್ಲಿ ಅದನ್ನು ಮರೆಯುವ ಹಾಗಿಲ್ಲ.

ಆದರೆ ಐಜಿಎಂ ರಿಪೋರ್ಟ್‌ಗೆ ಕಾಯದೆ ನಾನು ಮೊದಲು ಮಾಡಿದ ಕೆಲಸ ಅವರ ವೈದ್ಯರಿಗೆ ಫೋನ್. ಜ್ವರ ಬಿಟ್ಟಿದೆ, ಹೊಟ್ಟೆನೋವು, ವಾಂತಿ. ಡೆಂಗಿಯಲ್ಲಿ ಇದೇ ಅಪಾಯದ ಹೊತ್ತು. ಮನೆಯವರು ಜ್ವರ ಬಿಟ್ಟಿತು, ಗುಣ ಆಯಿತು ಅಂದುಕೊಳ್ಳುತ್ತಾರೆ. ಒಳಗೆ ರಕ್ತನಾಳದ ಸಣ್ಣ ಗೋಡೆಗಳಿಂದ ರಕ್ತದ ನೀರು ಸೋರುತ್ತಿರುತ್ತದೆ. ವೈರಸ್ ಇಳಿಯುತ್ತಿರುವಾಗ ಕಾಯಿಲೆ ಯಾಕೆ ಏರುತ್ತದೆ ಅಂತ ಹುಡುಗ ಕೇಳಿದ. ಈ ಹಂತದ ಹಾನಿ ಬರೀ ವೈರಸ್‌ನ ಕೈಯಿಂದ ಆಗುವುದಲ್ಲ. ಅದನ್ನು ಓಡಿಸಲು ನಮ್ಮ ಮೈ ಎಬ್ಬಿಸಿದ ಗಲಾಟೆಯ ಪಾಲೂ ದೊಡ್ಡದು, ಜೊತೆಗೆ ಎನ್‌ಎಸ್1 ನೇರವಾಗಿಯೇ ರಕ್ತನಾಳದ ಒಳಪದರವನ್ನು ಸಡಿಲ ಮಾಡುತ್ತದೆ. ಡೆಂಗಿಯಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದ ಮೇಲೆ ಇನ್ನೊಂದು ಬಗೆ ತಗುಲಿದರೆ, ಹಳೆಯ ಪ್ರತಿಕಾಯಗಳು ಹೊಸ ವೈರಸ್ಸನ್ನು ಕೊಲ್ಲಲಾರದೆ ಬರೀ ಅಂಟಿಕೊಂಡು ಜೀವಕೋಶದ ಒಳಕ್ಕೆ ದಾರಿ ಮಾಡಿಕೊಡಬಹುದು. ಎರಡನೇ ಸಲದ ಡೆಂಗಿ ಜೋರಾಗುವ ಸಂಭವ ಹೆಚ್ಚು ಅನ್ನೋದಕ್ಕೆ ಇದೊಂದು ಮುಖ್ಯ ಕಾರಣ.

ಅವರನ್ನು ಮಧ್ಯಾಹ್ನವೇ ಅಡ್ಮಿಟ್ ಮಾಡಿಕೊಂಡರು. ನಾಲ್ಕನೇ ದಿನ ಮನೆಗೆ ಕಳಿಸಿದರು. ಅವರ ಹೆಂಡತಿಗೆ ನಾನು ಇನ್ನೊಂದು ಮಾತು ಹೇಳಿದ್ದೆ. ಸೈಟಿನಲ್ಲಿ ನೀರು ಹಿಡಿದಿಡುವ ಡ್ರಮ್ಮುಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಒಳಗೋಡೆ ಉಜ್ಜಬೇಕು. ಈ ಸೊಳ್ಳೆಯ ಮೊಟ್ಟೆ ನೀರಿನ ಅಂಚಿಗೆ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಬರೀ ಚೆಲ್ಲಿದರೆ ಸಾಲದು.

ಇನ್ನು ಕೆಲವು, ಚುಟುಕಾಗಿ

ಎಂಎಸ್2, ಆರ್‌ನೇಸ್ ಪಿ ಎರಡೂ ಬರದಿದ್ದರೆ ಅಡ್ಡಗಾಲು ಸ್ಯಾಂಪಲ್‌ನಲ್ಲೇ ಇರಬಹುದು. ಹಸಿರು ಮುಚ್ಚಳದ ಟ್ಯೂಬಿನಲ್ಲಿ ಹೆಪಾರಿನ್ ಇರುತ್ತದೆ, ಅದು ಪಿಸಿಆರ್ ತಡೆಯುತ್ತದೆ. ಕೆಂಪಗೆ ಒಡೆದ ರಕ್ತವೂ ಹಾಗೇ. ಎಕ್ಸ್‌ಟ್ರಾಕ್ಟ್ ಅನ್ನು ಒಂದಕ್ಕೆ ಹತ್ತು ತೆಳು ಮಾಡಿ ಹಾಕಿ ನೋಡಿ. ತೆಳುವಾದ ಮೇಲೆ ಗೆರೆ ಚೆನ್ನಾಗಿ ಬಂದರೆ ಅಡ್ಡಿ ಇತ್ತು ಅಂತಲೇ ಲೆಕ್ಕ.

ನೀರೇ ಪಾಸಿಟಿವ್ ಬಂದರೆ ಎಲ್ಲಾ ನಿಲ್ಲಿಸಿ. ಹಳೆಯ ರನ್‌ನ ಟ್ಯೂಬ್ ಯಾರೋ ತೆರೆದಿರಬಹುದು. ಮುಗಿದ ಒಂದು ಟ್ಯೂಬಿನಲ್ಲಿ ಕೋಟಿಗಟ್ಟಲೆ ನಕಲುಗಳಿರುತ್ತವೆ. ಬ್ಲೀಚ್‌ನಿಂದ ಒರೆಸಿ, ಹೊಸ ನೀರು, ಹೊಸ ಟಿಪ್. ಮುಗಿದ ಪ್ಲೇಟ್ ಇರುವ ಕೋಣೆಯಿಂದ ಮಿಕ್ಸ್ ಮಾಡುವ ಕೋಣೆಗೆ ಯಾರೂ ವಾಪಸ್ ಬರಬಾರದು.

ಒಂದೇ ವೈರಸ್‌ನ ಎರಡು ಜಾಗ (ಟಾರ್ಗೆಟ್) ಹುಡುಕುವ ಕಿಟ್‌ನಲ್ಲಿ ಒಂದು ಜೋರಾಗಿ ಬಂದು ಇನ್ನೊಂದು ಬರಲೇ ಇಲ್ಲ ಅಂದರೆ ವೈರಸ್ ಬದಲಾಗಿರಬಹುದು. ಆರ್‌ಎನ್‌ಎ ವೈರಸ್‌ಗಳ ನಕಲು ಕಿಣ್ವ ಹತ್ತು ಸಾವಿರದಿಂದ ಹತ್ತು ಲಕ್ಷ ಅಕ್ಷರಕ್ಕೆ ಒಂದು ತಪ್ಪು ಮಾಡುತ್ತದೆ, ಬಹುಪಾಲು ತಿದ್ದುವವರಿಲ್ಲ. ಕೊರೊನಾ ವೈರಸ್‌ಗೆ ಸುಮಾರು 30,000 ಅಕ್ಷರ, ಅದಕ್ಕೆ ತಿದ್ದುವ ಕಿಣ್ವ ಒಂದಿದೆ. ಆದರೂ ಅದರ ಎಸ್ ಜೀನ್‌ನಲ್ಲಿ 69-70ನೇ ಜಾಗ ಅಳಿಸಿಹೋಗಿ, 2020ರ ಕೊನೆಗೆ ಆಲ್ಫಾದಲ್ಲೂ 2021ರ ಕೊನೆಗೆ ಒಮಿಕ್ರಾನ್‌ನಲ್ಲೂ ಕೆಲವು ಕಿಟ್‌ಗಳ ಎಸ್ ಗೆರೆ ಮಾಯವಾಯಿತು. ಉಳಿದ ಟಾರ್ಗೆಟ್‌ಗಳು ಬಂದಿದ್ದರಿಂದ ರೋಗಿಗಳು ತಪ್ಪಿಹೋಗಲಿಲ್ಲ, ಹೊಸ ತಳಿಯ ಸುಳಿವೂ ಸಿಕ್ಕಿತು. ಹಾಗಾಗಿ ಅಂಥ ಸ್ಯಾಂಪಲ್ ಕಂಡರೆ ಎಸೆಯಬೇಡಿ, ಮೈನಸ್ 80ರಲ್ಲಿಟ್ಟು ಮೇಲಿನವರಿಗೆ ತಿಳಿಸಿ.

ಕೇಳದ ಪ್ರಶ್ನೆಗೆ ಟೆಸ್ಟ್ ಉತ್ತರ ಕೊಡುವುದಿಲ್ಲ

ಕೊನೆಯದು ಮೆಷಿನ್‌ನ ದೋಷವೇ ಅಲ್ಲ. ಮುಂದಿನ ವರ್ಷ ಮಾರ್ಚ್‌ನಲ್ಲಿ ಒಬ್ಬ ಹೆಂಗಸಿನ ಸ್ಯಾಂಪಲ್ ಬಂತು. ಖಾನಾಪುರ ಕಡೆಯವರು, ಪುಣೆಯಲ್ಲಿದ್ದ ಮಗಳ ಮನೆಗೆ ಬಂದಿದ್ದರು. ಮೂರನೇ ದಿನದ ಜೋರು ಜ್ವರ, ತಲೆನೋವು, ಕಣ್ಣು ಕೆಂಪು, ಬಿಳಿ ರಕ್ತಕಣವೂ ಪ್ಲೇಟ್‌ಲೆಟ್ಟೂ ಕಡಿಮೆ. ಡೆಂಗಿ ನೆಗೆಟಿವ್, ಚಿಕುನ್‌ಗುನ್ಯಾ ನೆಗೆಟಿವ್, ಝೀಕಾ ನೆಗೆಟಿವ್. ಎಂಎಸ್2 ಸೇರಿ ಎಲ್ಲ ಕಂಟ್ರೋಲ್ ಸರಿ. ಟೆಸ್ಟ್ ತನ್ನ ಕೆಲಸ ಚೆನ್ನಾಗಿ ಮಾಡಿತ್ತು.

ಈ ಸಲ ನಾನು ಹೇಳುವ ಮೊದಲೇ ಹುಡುಗ ಫೋನ್ ಎತ್ತಿಕೊಂಡಿದ್ದ. ಎಷ್ಟು ದಿನ ಅಂತ ಕೇಳಿದ, ಆಮೇಲೆ ಅದಕ್ಕೂ ಮುಂಚೆ ಎಲ್ಲಿದ್ದಿರಿ ಅಂತ ಕೇಳಿದ. ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಗೇರು ಹಣ್ಣು ಆರಿಸುವ ಕೆಲಸಕ್ಕೆ ಹೋಗಿದ್ದರಂತೆ. ಕಾಡಿನ ಅಂಚು, ಒಣ ಎಲೆ, ಕಾಲಿಗೆ ಉಣುಗು ಹತ್ತಿತ್ತಂತೆ.

ಸತ್ತರಿ ತಾಲ್ಲೂಕಿನ ಪಾಳಿ ಗ್ರಾಮದಲ್ಲಿ 2015ರಲ್ಲಿ ಮಂಗನ ಕಾಯಿಲೆ ಕಂಡಿತ್ತು, ಮರುವರ್ಷ ಪಕ್ಕದ ಸಿಂಧುದುರ್ಗದ ದೋಡಾಮಾರ್ಗದಲ್ಲೂ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಆ ವೈರಸ್ಸನ್ನು ಗುರುತಿಸಿದ್ದು ಪುಣೆಯಿಂದ ಹೋದ ವಿಜ್ಞಾನಿಗಳೇ, ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ ಆಗ ವೈರಸ್ ರಿಸರ್ಚ್ ಸೆಂಟರ್ ಆಗಿತ್ತು. ನಮ್ಮ ಮಲೆನಾಡಿನ ಒಂದು ಸಣ್ಣ ಊರಿನ ಹೆಸರು ಅಂದಿನಿಂದ ಆ ವೈರಸ್‌ಗೆ ಅಂಟಿದೆ. ಅದೂ ಡೆಂಗಿಯ ಕುಟುಂಬದ್ದೇ, ಸುಮಾರು 11,000 ಅಕ್ಷರದ ನೇರ ಎಳೆ. ಆದರೆ ಹರಡುವುದು ಸೊಳ್ಳೆಯಿಂದ ಅಲ್ಲ, ಉಣುಗಿನಿಂದ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ, ಗೇರು ಆರಿಸುವ ಕಾಲವೂ ಅದರಲ್ಲೇ ಬರುತ್ತದೆ. ನಮ್ಮ ಕಿಟ್‌ನ ಪ್ರೈಮರ್‌ಗಳು ಅದರ ಬರಹವನ್ನು ಗುರುತಿಸಲಾರವು. ಮೊದಲ ವಾರದ ಜ್ವರ ಇಳಿದ ಮೇಲೆ ಹತ್ತರಲ್ಲಿ ಒಬ್ಬಿಬ್ಬರಿಗೆ ಒಂದೆರಡು ವಾರದಲ್ಲಿ ಮತ್ತೆ ಜ್ವರ ಮರುಕಳಿಸುತ್ತದೆ, ಆಗ ತಲೆನೋವು, ಕುತ್ತಿಗೆ ಬಿಗಿತ, ಬುದ್ಧಿ ಮಂಕಾಗುವುದು ಇರುತ್ತದೆ.

ವೈದ್ಯರಿಗೆ ತಿಳಿಸಿದೆವು. ಅವರು ಆರೋಗ್ಯ ಇಲಾಖೆಗೆ ಹೇಳಿದರು. ನಮ್ಮ ಲ್ಯಾಬ್‌ನಲ್ಲಿ ಆ ಟ್ಯೂಬನ್ನು ಮತ್ತೆ ಯಾರೂ ತೆರೆಯಲಿಲ್ಲ, ಈ ವೈರಸ್ ಲ್ಯಾಬ್ ಕೆಲಸದವರಿಗೂ ತಗುಲುವಂಥದ್ದು. ಮೂರು ಪದರದ ಡಬ್ಬಿಯಲ್ಲಿ, ಐಸ್ ಪ್ಯಾಕ್ ಇಟ್ಟು, ಅದಕ್ಕೆಂದೇ ಇರುವ ಸರ್ಕಾರಿ ಪ್ರಯೋಗಾಲಯಕ್ಕೆ ಅದೇ ಸಂಜೆ ಹೋಯಿತು. ಜೊತೆಗಿನ ಫಾರ್ಮ್ ಹುಡುಗನೇ ತುಂಬಿದ. ಜ್ವರ ಶುರುವಾದ ತಾರೀಕು, ರಕ್ತ ತೆಗೆದ ತಾರೀಕು, ಹಿಂದಿನ ಎರಡು ವಾರ ಇದ್ದ ಊರು. ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದಿದ್ದ.